ಸಡಿಲ ಲಾಳದ ಸದ್ದು

ಕದ ಭದ್ರ ಮಾಡಿ, ಹತ್ತಿರ ಬನ್ನಿ. ಜೋರಾಗಿ ಹೇಳುವ ಸಂಗತಿಯಲ್ಲ ಇದು. ನನ್ನ ಸೋದರತ್ತೆ ಒಟಿಲಿಯಾಳ ಗಂಡನಿಗೆ ಆದದ್ದು. ಹೆಸರು ವೆಲ್ಟನ್. ಕುದುರೆಗೆ ಲಾಳ ಹೊಡೆಯುವವನು.

ಆ ರಾತ್ರಿ ಪಕ್ಕದೂರಿಂದ ಒಬ್ಬನೇ ಬರುತ್ತಿದ್ದ. ಬಾವಿಯ ಹತ್ತಿರದ ಲಿಂಡನ್ ಮರ ದಾಟಿದ್ದನಷ್ಟೆ... ಹಿಂದೆ ಕೇಳಿತು. ಟಕ್, ಟಕ್, ಟಕ್... ಛಿಣ್.

ಎಡಗಡೆಯ ಹಿಂಗಾಲು. ಲಾಳದಲ್ಲಿ ಒಂದು ಮೊಳೆ ಕಡಿಮೆ. ವೆಲ್ಟನ್‌ನ ಕಿವಿಗೆ ಗುರುತು ಸಿಕ್ಕಿತು, ಅದು ಕೋಟೆಯ ಧಣಿಯ ಕುದುರೆ. ಮುತ್ತಿಗೆಯ ಗಡಿಬಿಡಿಯಲ್ಲಿ ಆ ಮೊಳೆ ಬಿಟ್ಟವನು ಅವನೇ. ಆ ಕುದುರೆಯನ್ನು ಹೂತದ್ದನ್ನೂ ಕಣ್ಣಾರೆ ಕಂಡಿದ್ದ.

ರೈನ್ ಸೀಮೆಯ ಸರದಾರರು ದೊರೆಗಳ ಮೇಲೆ ತಿರುಗಿಬಿದ್ದು ಮಣ್ಣುಮುಕ್ಕಿದ ವರ್ಷ ಅದು. ನಮ್ಮ ಕೋಟೆಯ ಧಣಿ ಗೆರ್ಲಾಖ್‌ ಕೂಡ ಅವರಲ್ಲೊಬ್ಬ. ದೊರೆಗಳ ಫಿರಂಗಿಯ ಮುಂದೆ ಕೋಟೆ ಎರಡೇ ದಿನ ನಿಂತಿತು. ಧಣಿಯೂ ಕುದುರೆಯೂ ಗೋಡೆಯಡಿ ಸತ್ತರು. ಗೋಡೆ ಎಲ್ಲಿ ತೆಳ್ಳಗಿದೆ ಅಂತ ಫಿರಂಗಿಯವರಿಗೆ ತೋರಿಸಿದವನು ವೆಲ್ಟನ್. ಉಂಡ ಮನೆಗೆ ಎರಡು ಬಗೆದ. ಆದರೆ ಅವರು ಹಿಡಿದು ಕೊರಳಿಗೆ ಹಗ್ಗ ಹಾಕಿದ್ದರು, ಮನೆಯಲ್ಲಿ ಹೆಂಡತಿ ಬಸುರಿ. ಪಾಪ, ಏನು ಮಾಡಿಯಾನು?

ತಿರುಗಿ ನೋಡದೆ ಮನೆ ಸೇರಿದ. ಬಾಗಿಲ ಮುಂದೆ ಸೀಳಿದ ಕೋಲು ನೆಟ್ಟಿತ್ತು. ಸೀಳಿನಲ್ಲಿ ಮಡಿಸಿದ ಕಾಗದ. ಮೇಲೆ ಕೆಂಪು ಅರಗು, ಅದರಲ್ಲಿ ಧಣಿಯ ಗೂಬೆ ಮುದ್ರೆ.

ಹಗೆಪತ್ರ! ಸರದಾರರ ಕಟ್ಟಳೆ ಗೊತ್ತಲ್ಲ. ಯಾರ ಮನೆಗೆ ಬೆಂಕಿಯಿಡುವುದಿದ್ದರೂ ಮೂರು ದಿನ ಮೊದಲು ತಿಳಿಸಬೇಕು. ಹೇಳದೆ ಹೊಡೆಯುವವನು ಕಳ್ಳ.

"ಏನ್ರೀ ಅದು?" ಒಟಿಲಿಯಾ ಪಿಸುಗುಟ್ಟಿದಳು.

"ಧಣಿದು."

"ಸತ್ತೋರು ಕಾಗ್ದ ಕಳಿಸ್ತಾರಾ? ಕುಡ್ಕೊಂಡ್ ಬಂದಿದೀರಾ?"

"ಗೋಡೆ ತೋರ್ಸಿದ್ದು ನಾನೇ ಕಣೇ..."

ಅವಳು ಕಾಗದವನ್ನು ಒಡೆಯದೆ ಪೆಟ್ಟಿಗೆಯಲ್ಲಿಟ್ಟಳು. "ಅವರು ನಿಮ್ಗೆ ಮೂರು ದಿನ ಕೊಟ್ಟಿದಾರೆ. ನೀವು ಅವರಿಗೆ ಒಂದು ಗಳಿಗೆನೂ ಕೊಡ್ಲಿಲ್ಲ."

"ಓಡಿಹೋಗೋಣ್ವಾ?"

"ಈ ಹೊಟ್ಟೆ ಹೊತ್ಕೊಂಡು ಎಲ್ಲಿಗ್ರೀ?"

ಮೂರನೇ ರಾತ್ರಿ. ಟಕ್, ಟಕ್, ಟಕ್... ಛಿಣ್. ಬಾಗಿಲಲ್ಲೇ ನಿಂತಿತು. ಕಡಿವಾಣ ಕಿಣಿಕಿಣಿ ಅಂದಿತು. ಕದದ ಸಂದಿಯಲ್ಲಿ ಸುಟ್ಟ ಫಿರಂಗಿ ಮದ್ದಿನ ವಾಸನೆ... ಮಾಡಿನ ಹುಲ್ಲು ಚಟಪಟ ಅನ್ನತೊಡಗಿತು.

ವೆಲ್ಟನ್ ಸುತ್ತಿಗೆ ತೆಗೆದುಕೊಂಡ. ಒಂದು ಮೊಳೆಯನ್ನೂ.

"ಹೋಗ್ಬೇಡ್ರೀ..."

"ಒಳಗೆ ನೀನಿದೀಯ. ಅಗುಳಿ ಹಾಕ್ಕೋ."

ಹೊರಗೆ ಅವನ ದನಿ ಕೇಳಿತು. "ಧಣೀ, ತಪ್ಪು ನಂದು. ಅವಳದ್ದಲ್ಲ."

ಮಾಡಿನ ಚಟಪಟ ನಿಂತಿತು. ಆಮೇಲೆ ಸುತ್ತಿಗೆ... ಠಣ್. ಠಣ್. ಠಣ್.

ಕುದುರೆ ಹೊರಟಿತು. ಟಕ್, ಟಕ್, ಟಕ್, ಟಕ್. ನಾಲ್ಕು ಲಾಳವೂ ಭದ್ರ.

ಬೆಳಗ್ಗೆ ಹೊಸಿಲಾಚೆ ಸುತ್ತಿಗೆ ಬಿದ್ದಿತ್ತು. ಕೆಸರಿನಲ್ಲಿ ವೆಲ್ಟನ್‌ನ ಹೆಜ್ಜೆಗಳಷ್ಟೇ ಕೋಟೆಯ ಕಡೆಗೆ ಹೋಗಿದ್ದವು. ಒಂದೂ ಹಿಂದಿರುಗಿರಲಿಲ್ಲ. ಕುದುರೆಯ ಗೊರಸಿನ ಗುರುತು ಎಲ್ಲೂ ಇರಲಿಲ್ಲ.

ಆಗ ಹೊಟ್ಟೆಯಲ್ಲಿದ್ದ ಮಗಳು ಈಗ ಮದುವೆಯ ವಯಸ್ಸಿಗೆ ಬಂದಿದ್ದಾಳೆ. ಆ ಕಾಗದ ಅತ್ತೆಯ ಪೆಟ್ಟಿಗೆಯಲ್ಲಿದೆ, ಯಾರೂ ಒಡೆದಿಲ್ಲ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ನಾನಂತೂ ಮೊನ್ನೆ ಕೈಯಾರೆ ಮುಟ್ಟಿದ್ದೇನೆ. ಅರಗು ಇನ್ನೂ ಮೆತ್ತಗಿದೆ... ಬೆಚ್ಚಗಿದೆ.