ಒಣ ಕಾಲುಚೀಲ

ಇದು ನನ್ನ ಹೆಂಡತಿಯ ತಮ್ಮ ಡೆನ್ಜಿಲ್‌ಗೆ ಆದದ್ದು. ಅವನಿಗೆ ಕತೆ ಕಟ್ಟುವಷ್ಟು ತಲೆಯಿಲ್ಲ, ಅದಕ್ಕೇ ನಂಬುತ್ತೇನೆ.

ಪಬ್ಬು ಮುಚ್ಚಿದ ಮೇಲೆ ನಮ್ಮೂರು ಲಿಂಪ್‌ಸ್ಟನ್‌ನ ಚರ್ಚಿನ ಹಿಂದಿನ ಓಣಿಯಲ್ಲಿ, ಹಳೇ ಬಾವಿ ದಾಟಿ ಮನೆಗೆ ಬರುತ್ತಿದ್ದ. ಮಳೆಯಿಲ್ಲ. ಗಾಳಿಯಿಲ್ಲ. ಯೆಲ್ಯಾಂಡ್ ಮುದುಕಿಯ ಮನೆ ಮೆಟ್ಟಿಲ ಮೇಲೆ ಯಾರೋ ಕೂತಿದ್ದರು... ನೋಡಿದರೆ ಜನರಲ್ ಟ್ರೆಗಾರ್ತನ್. ನೌಕಾ ಸೈನಿಕರ ಮರೀನ್ ಪಡೆಯಿಂದ ಆವತ್ತೇ ನಿವೃತ್ತನಾದವ. ತೊಡೆಯ ಮೇಲೆ ನನ್ನ ದರ್ಜಿ ಅಂಗಡಿಯ ಪೊಟ್ಟಣ.

ಆ ಪೊಟ್ಟಣದ ವಿಷಯ ನನಗೆ ಗೊತ್ತು. ಮರೀನರಲ್ಲಿ ಒಂದು ಕಟ್ಟಳೆಯಿದೆ. ಒಂದು ಜೊತೆ ಕಾಲುಚೀಲ ಸದಾ ಒಣಗಿರಬೇಕು, ಅದನ್ನು ಹಾಕುವುದು ಮಲಗುವಾಗ ಮಾತ್ರ. ಎದ್ದರೆ ಮತ್ತೆ ಒದ್ದೆಯದೇ. ದಕ್ಷಿಣದ ದ್ವೀಪಗಳ ಯುದ್ಧದಲ್ಲಿ ಟ್ರೆಗಾರ್ತನ್ ಇನ್ನೂ ಎಳೆಯ ಲೆಫ್ಟಿನೆಂಟ್. ಹಿಮದ ರಾತ್ರಿ, ಅಲ್ಲಿನ ಕಪ್ಪು ಕೆಸರಲ್ಲಿ ಪಹರೆಗೆ ನಿಂತಿದ್ದ ಮುದುಕಿಯ ಮಗ ಕೆನ್ವಿನ್ ಕೇಳಿದನಂತೆ, "ಸರ್, ಕಾಲು ಮರಗಟ್ಟಿದೆ. ಒಣದ್ದು ಹಾಕ್ಕೊಳ್ಲಾ?"

"ಪಹರೆ ಮುಗೀಲಿ."

ಬೆಳಗಿನ ಜಾವ ಶೆಲ್ ಬಿತ್ತು. ಎಲ್ಲರೂ ಓಡಿದರು. ಕೆನ್ವಿನ್‌ನ ಕಾಲು ಏಳಲಿಲ್ಲ, ಅಲ್ಲೇ ಸತ್ತ.

ಆಮೇಲೆ ಟ್ರೆಗಾರ್ತನ್ ಕ್ಯಾಪ್ಟನ್ ಆದ, ಮೇಜರ್, ಕರ್ನಲ್, ಕೊನೆಗೆ ಜನರಲ್. ಬಡ್ತಿಯಾದಾಗಲೆಲ್ಲ ಹೊಸ ಪಟ್ಟಿ ಹೊಲಿಸಲು ನನ್ನಲ್ಲಿಗೆ ಬರುವವ, ಒಂದು ಜೊತೆ ಉಣ್ಣೆ ಕಾಲುಚೀಲವನ್ನೂ ಕೊಂಡು ಮುದುಕಿಯ ಬಾಗಿಲಿಗೆ ಹೋಗುತ್ತಿದ್ದ. ಆಕೆ ಒಮ್ಮೆಯೂ ಬಾಗಿಲು ತೆರೆದವಳಲ್ಲ. ಅವ ಮೆಟ್ಟಿಲ ಮೇಲೆ ಬಿಟ್ಟುಹೋದ ಪೊಟ್ಟಣವನ್ನು ಮರುದಿನ ತಂದು ನನ್ನ ಮೇಜಿನ ಮೇಲಿಟ್ಟು "ಮಾರ್ಕೊಳ್ಳಿ" ಅಂತ ಹೋಗುವಳು. ಮಾರಿಕೊಂಡೆ. ಸರಕು ಸರಕೇ.

ಆವತ್ತು ಡೆನ್ಜಿಲ್ ಕುಡಿದ ಗುಂಗಿನಲ್ಲಿ ನಕ್ಕ. "ಏನ್ ಸರ್, ಜನರಲ್‌ಗೂ ಪಹರೆ ಹಾಕಿದ್ರಾ?"

"ಶ್... ಕೇಳಿಸ್ತಾ?"

ಪಚಕ್... ಪಚಕ್...

ನೀರು ತುಂಬಿದ ಬೂಟಿನ ಸದ್ದು. ಒಣಗಿದ ಕಲ್ಲುಹಾಸಿನ ಮೇಲೆ, ಬಾವಿಯ ಕಡೆಯಿಂದ. ಹತ್ತಿರ ಬಂತು... ನಿಂತಿತು. ಓಣಿಯಲ್ಲಿ ಯಾರೂ ಇಲ್ಲ.

"ಸರ್... ಈಗ ಹಾಕ್ಕೊಳ್ಲಾ?"

ಡೆನ್ಜಿಲ್‌ನ ಅಮಲು ಅಲ್ಲೇ ಇಳಿಯಿತು. ಜನರಲ್ ಪೊಟ್ಟಣ ಬಿಚ್ಚಿ ಮೆಟ್ಟಿಲ ಮೇಲಿಟ್ಟ.

"ಹಾಕ್ಕೋ ಮಗಾ... ಹಾಕ್ಕೋ."

ಬೆನ್ನ ಹಿಂದೆ ಅಗುಳಿ ಸರಿಯಿತು. ಕಿರ್ರ್... ಬಾಗಿಲಲ್ಲಿ ಮುದುಕಿ.

"ಆವತ್ತೇ ಅನ್ಬೇಕಿತ್ತು ನೀನು."

"ಹೌದಮ್ಮ."

ಅಷ್ಟೇ ಮಾತು. ಬಾಗಿಲು ಮುಚ್ಚಿತು. ಡೆನ್ಜಿಲ್ ಕೆಳಗೆ ನೋಡಿದರೆ ಮೆಟ್ಟಿಲು ಬರಿದು... ಬರೀ ಕಾಗದ.

ಮರುದಿನ ಮುದುಕಿ ಅಂಗಡಿಗೆ ಬಂದಳು. ಮಾರ್ಕೊಳ್ಳಿ ಅನ್ನಲಿಲ್ಲ. ಕಾಲುಚೀಲ ಮೇಜಿನ ಮೇಲೆ ಹರಡಿದಳು.

"ಬೆಳಿಗ್ಗೆ ಮೆಟ್ಟಿಲ ಮೇಲಿತ್ತು. ಹಿಮ್ಮಡಿ ಸವೆದಿದೆ. ಇದೇ ಬಣ್ಣದ ನೂಲು ಕೊಡಿ, ಹೊಲಿದಿಡ್ಬೇಕು."

ನೂಲು ಕೊಟ್ಟೆ. ಹಿಂದಿನ ದಿನ ನಾನೇ ಕಟ್ಟಿಕೊಟ್ಟ ಹೊಸ ಸರಕು ಅದು. ನೀವು ನಂಬಿ, ಬಿಡಿ. ನನ್ನ ಕೈಯಾರೆ ಮುಟ್ಟಿ ನೋಡಿದ್ದೇನೆ. ನಮ್ಮೂರ ಮಣ್ಣು ಇಟ್ಟಿಗೆಯ ಹಾಗೆ ಕೆಂಪು. ಅದಕ್ಕೆ ಮೆತ್ತಿದ್ದ ಕೆಸರು ಕಪ್ಪು... ಇನ್ನೂ ತಣ್ಣಗಿತ್ತು.