ಗುಂಯ್ ಎನ್ನುವ ಸದ್ದು ಮತ್ತು ಕೆಂಪು ಪೆನ್ ಡ್ರೈವ್

ಹೆಸರು: ತಕ್ಕಡಿ ಮಾಮ (ಎಲ್ಲರೂ ಕರೆಯುವಂತೆ). ವಯಸ್ಸು: 58 ವರ್ಷ. ಉದ್ಯೋಗ: ತೂಕದ ಯಂತ್ರಗಳ ರಿಪೇರಿ. ವಾಸ: ಮನೆ ನಂ. 14, ಮೊದಲನೇ ಮಹಡಿ, ನೀರಿನ ಟ್ಯಾಂಕಿನ ಹಿಂದಿನ ಮೂರನೇ ಅಡ್ಡರಸ್ತೆ.

ಮೇಲ್ಕಂಡ ನಾನು ಈ ದಿನ ಮಧ್ಯಾಹ್ನ 2.15ಕ್ಕೆ ಠಾಣೆಗೆ ಹಾಜರಾಗಿ, ಇದೇ ತಿಂಗಳ 15ರಂದು ನಾನೇ ಕೊಟ್ಟ ದೂರಿನ ವಿಷಯವಾಗಿ ಈ ಮೂಲಕ ತಿಳಿಸಿಕೊಳ್ಳುವುದೇನೆಂದರೆ:

ಮನೆಯಲ್ಲಿ ನಾನು ಮತ್ತು ನನ್ನ ಅಕ್ಕ ಇಬ್ಬರೇ ಇರುತ್ತೇವೆ. ಅಕ್ಕನಿಗೆ 66 ವರ್ಷ. ಆಕೆ ಬಸ್ ನಿಲ್ದಾಣದ ಮೈಕಿನಲ್ಲಿ 31 ವರ್ಷ ಬಸ್ಸುಗಳು ಹೊರಡುವ ಹೊತ್ತನ್ನು ಹೇಳುತ್ತಿದ್ದವಳು. ಮೂರು ವರ್ಷದ ಹಿಂದೆ ಗಂಟಲಿನ ಕಾಯಿಲೆಯಿಂದಾಗಿ ಆಪರೇಷನ್ ಮಾಡಿ ಧ್ವನಿಪೆಟ್ಟಿಗೆ ತೆಗೆದರು. ಅಂದಿನಿಂದ ಆಕೆ ಹೇಳುವುದನ್ನೆಲ್ಲ ಸ್ಲೇಟಿನಲ್ಲಿ ಬರೆಯುತ್ತಾಳೆ. ಮಾತು ಹೋದರೂ ಬೈಗುಳ ಕಡಿಮೆಯಾಗಿಲ್ಲ, ಬಳಪ ಬೇಗ ಸವೆಯುತ್ತದೆ ಅಷ್ಟೇ.

ಆಪರೇಷನ್ನಿಗೆ ಮುಂಚಿನ 11 ದಿನ ಆಕೆಯನ್ನು ಹಿಂದಿನ ಕೋಣೆಯಲ್ಲಿ ಕೂರಿಸಿ ನನ್ನ ಫೋನಿನಲ್ಲಿ ಆಕೆಯ ಧ್ವನಿಯನ್ನು ರೆಕಾರ್ಡ್ ಮಾಡಿದ್ದೆ. ಒಟ್ಟು 43 ರೆಕಾರ್ಡಿಂಗ್. ಆಗ ಕಡು ಬೇಸಿಗೆ. ಕಥೆಗಳು, ಹಳೆಯ ಬಸ್ಸುಗಳ ವೇಳಾಪಟ್ಟಿ, ನಮ್ಮಿಬ್ಬರ ಜಗಳ, ಎಲ್ಲವೂ ಅದರಲ್ಲಿದ್ದವು. ಆ ಫೋನ್ ಹೋದ ವರ್ಷ ಬಕೆಟ್ಟಿಗೆ ಬಿದ್ದು ಕೆಟ್ಟಿದೆ. ರೆಕಾರ್ಡಿಂಗುಗಳು ನಮ್ಮ ಆಡಿಯೋ ಸಿಸ್ಟಮ್‌ಗೆ ಜೋಡಿಸಿದ, ಎರಡು ಡಿಸ್ಕ್‌ಗಳಲ್ಲಿ ಎಲ್ಲವನ್ನೂ ಕೂಡಿಟ್ಟುಕೊಳ್ಳುವ ನೆಟ್‌ವರ್ಕ್ ಸ್ಟೋರೇಜ್ ಡಬ್ಬಿಯಲ್ಲಿ, ಹಾಡುಗಳಿಂದ ಬೇರೆಯಾಗಿ, ‘ಅಕ್ಕ’ ಎಂಬ ಫೋಲ್ಡರಿನಲ್ಲಿ ಮಾತ್ರ ಉಳಿದಿದ್ದವು. ದಿನಾ ಸಂಜೆ 4 ಗಂಟೆಗೆ ಅಕ್ಕ ಬಂದು ಸ್ಪೀಕರಿನಿಂದ ಏಳು ಅಡಿ ದೂರದ ಬೆತ್ತದ ಕುರ್ಚಿಯಲ್ಲಿ ಕೂರುತ್ತಿದ್ದಳು. ನಾನು ಒಂದನ್ನು ಹಾಕುತ್ತಿದ್ದೆ. ತಾನು ಆಡಿದ ಮಾತಿಗೆ ತಾನೇ ತಲೆಯಾಡಿಸುತ್ತ ಕೇಳುತ್ತಿದ್ದಳು.

ಆರು ತಿಂಗಳ ಹಿಂದೆ ದೊಡ್ಡ ಸ್ಪೀಕರ್ ಹಾಕಿಸಿದ ಮೇಲೆ ಅಕ್ಕನ ಧ್ವನಿಯ ಹಿಂದೆ ಗುಂಯ್ ಎನ್ನುವ ಸದ್ದು ನನಗೆ ಕೇಳಿಸಲು ಶುರುವಾಯಿತು. ಹಾಡು ಹಾಕಿದಾಗ ಕೇಳಿಸುತ್ತಿರಲಿಲ್ಲ. ಹಾಡಿನ ಗದ್ದಲದಲ್ಲಿ ಮುಚ್ಚಿಹೋಗುತ್ತದೆ ಎಂದುಕೊಂಡೆ. ಕರೆಂಟಿನ ದೋಷವೇ ಇರಬೇಕೆಂದು ವಯರ್ ಬದಲಿಸಿದೆ, ಪ್ಲಗ್ ಬದಲಿಸಿದೆ, ಫ್ರಿಜ್ಜನ್ನು ಹಜಾರದಿಂದ ಅಡುಗೆಮನೆಗೆ ಎಳೆದೆ, ಅಡುಗೆಮನೆಯಿಂದ ಮತ್ತೆ ಹಜಾರಕ್ಕೆ ಎಳೆದೆ. ಗುಂಯ್ ಹೋಗಲಿಲ್ಲ. ನಾನು ತಲೆ ಚಚ್ಚಿಕೊಂಡಾಗಲೆಲ್ಲ ಅಕ್ಕ ಸ್ಲೇಟಿನಲ್ಲಿ ‘ಫ್ಯಾನ್’ ಎಂದು ಬರೆದು ತೋರಿಸುತ್ತಿದ್ದಳು. ನಾನು ಪ್ರತಿ ಸಲವೂ ಎದ್ದು ಹೋಗಿ ಫ್ಯಾನ್ ಹಾಕುತ್ತಿದ್ದೆ. ಆಕೆ ಹಣೆ ಗಟ್ಟಿಸಿಕೊಳ್ಳುತ್ತಿದ್ದಳು. ಸೆಕೆ ಹೆಚ್ಚಾಗಿದೆ ಎಂದು ತಿಳಿದು ಇನ್ನೂ ಜೋರು ಮಾಡುತ್ತಿದ್ದೆ.

9ನೇ ತಾರೀಖು ಸಂಜೆ 4.10ಕ್ಕೆ, ನಮ್ಮ ಮನೆಯಿಂದ 300 ಮೀಟರ್ ದೂರದ ಅಂಗಡಿಯ ಸ್ಪೀಕರ್ ಮೆಕ್ಯಾನಿಕ್ ಬಂದು ಆ ಸದ್ದನ್ನು ಕೇಳಿದರು. ಇದು ಕರೆಂಟಿನ ಸದ್ದಿನ ಥರ ಇಲ್ಲ ಮಾಮ, ಏರಿಳೀತಾ ಇದೆ, ಅಂಗಡೀಲಿ ಕೂತು ನೋಡ್ತೀನಿ ಎಂದು ಹೇಳಿ ಒಂದೇ ಒಂದು ರೆಕಾರ್ಡಿಂಗನ್ನು ಕೆಂಪು ಪೆನ್ ಡ್ರೈವಿಗೆ ಹಾಕಿಕೊಂಡು ಹೋದರು. ಅವರು ನೋಡಿ ಹೇಳುವವರೆಗೆ ನನಗೆ ತಡೆಯಲಾಗಲಿಲ್ಲ. ಹೊಸ ಸ್ಟೋರೇಜ್ ಡಬ್ಬಿ, ಅದಕ್ಕೂ ಆಂಪ್ಲಿಫೈಯರಿಗೂ ಬೇರೆ ಬೇರೆ ಪವರ್ ಸಪ್ಲೈ ತರಿಸಿದೆ. ಗೋಡೆಗೆ ಸಿಕ್ಕಿಸುವ ಹಗುರ ಅಡಾಪ್ಟರಲ್ಲ, ಒಳಗೆ ಟ್ರಾನ್ಸ್‌ಫಾರ್ಮರ್ ಇರುವಂಥವು. ತಲಾ 3 ಕಿಲೋ 640 ಗ್ರಾಂ. ತೂಗಿ ನೋಡಿರುತ್ತೇನೆ.

13ರಂದು ನಾನೇ 4,112 ಹಾಡುಗಳನ್ನು ಹಳೆ ಡಬ್ಬಿಯಿಂದ ಹೊಸದಕ್ಕೆ ಸಾಗಿಸಿದೆ. 3 ಗಂಟೆ 40 ನಿಮಿಷ ಹಿಡಿಯಿತು. ‘ಅಕ್ಕ’ ಫೋಲ್ಡರನ್ನು ಮಾತ್ರ ಸಾಗಿಸಲಿಲ್ಲ. ಹಳೆಯ ಅಡಾಪ್ಟರಿನ ಕೆಟ್ಟ ಕರೆಂಟಿನಲ್ಲಿ ಸಾಗಿಸಿದರೆ ಪ್ರತಿಗೂ ಗುಂಯ್ ಅಂಟಿಕೊಳ್ಳುತ್ತದೆ, ಹೊಸ ಪವರ್ ಸಪ್ಲೈ ಕೂರಿಸಿದ ಮೇಲೆ ಶುದ್ಧವಾಗಿ ಸಾಗಿಸೋಣ ಎಂದು ಬಿಟ್ಟಿದ್ದೆ. ಹಾಗೆ ಅಂಟುವುದಿಲ್ಲ ಎಂದು ಈಗ ತಿಳಿದಿದೆ.

14ರಂದು ಬೆಳಗ್ಗೆ 10.40ಕ್ಕೆ ಮೆಕ್ಯಾನಿಕ್ ಬಂದರು. ಎಲ್ಲಾ ಹೊಸದಕ್ಕೆ ಬಂತಾ ಮಾಮ ಎಂದು ಕೇಳಿದರು. ಹಾಡೆಲ್ಲಾ ಬಂತು ಎಂದೆ. 11.25ಕ್ಕೆ ನಾನು ಮೇಜಿನ ಕೆಳಗೆ ಮಲಗಿ ಪವರ್ ಸಪ್ಲೈಯನ್ನು ಹಲಗೆಗೆ ಬಿಗಿಯುತ್ತಿದ್ದೆ. ನಾಲ್ಕು ಸ್ಕ್ರೂಗಳನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದೆ. ಹಳೇ ಡಿಸ್ಕ್ ಎರಡೂ ಏನ್ ಮಾಡ್ಲಿ ಎಂದು ಮೆಕ್ಯಾನಿಕ್ ಮೇಲಿನಿಂದ ಕೇಳಿದರು. ನಾನು ಹೇಳಿದ್ದು ‘ತೆಗ್ದಿಡಿ’ ಎಂದು. ಅವರಿಗೆ ಕೇಳಿಸಿದ್ದು ‘ತೆಗ್ದ್‌ಬಿಡಿ’ ಎಂದು. ಇರೋದನ್ನೆಲ್ಲಾ ತೆಗ್ದ್‌ಬಿಡ್ಲಾ ಎಂದು ಅವರು ಇನ್ನೊಮ್ಮೆ ಕೇಳಿದರೆಂದೂ, ನಾನು ಹ್ಞೂಂ ಎಂದೆನೆಂದೂ ಅವರು ಹೇಳುತ್ತಾರೆ. ಸ್ಕ್ರೂ ಕಚ್ಚಿಕೊಂಡ ಬಾಯಲ್ಲಿ ಬೇರೆ ಮಾತು ಬರುವುದಿಲ್ಲ. ಅವರು ಹಳೆಯ ಡಿಸ್ಕ್‌ಗಳನ್ನು ಹೊಸ ಡಬ್ಬಿಯ ಖಾಲಿ ಜಾಗದಲ್ಲಿ ಕೂರಿಸಿ, ಇದ್ದದ್ದನ್ನು ಅಳಿಸಿ, ಅವುಗಳ ಮೇಲೆ ಹಾಡುಗಳ ಇನ್ನೊಂದು ಪ್ರತಿ ಬರೆಯಲು ಬಿಟ್ಟು 12.05ಕ್ಕೆ ಹೋದರು.

ಸಂಜೆ 4ಕ್ಕೆ ಅಕ್ಕ ಕುರ್ಚಿಯಲ್ಲಿ ಕೂತಳು. ನಾನು ಸಿಸ್ಟಮ್ ಹಾಕಿದೆ. ಗುಂಯ್ ಇರಲಿಲ್ಲ. ಚಪ್ಪಾಳೆ ತಟ್ಟಿದೆ. ಆಮೇಲೆ ‘ಅಕ್ಕ’ ಫೋಲ್ಡರ್ ಹುಡುಕಿದೆ. ಅದೂ ಇರಲಿಲ್ಲ. 4.50ಕ್ಕೆ ಮೆಕ್ಯಾನಿಕ್ ಓಡಿ ಬಂದು ನೋಡಿ, ಮೇಲೆ ಬರೆದಾಗಿದೆ ಮಾಮ, ಇನ್ನು ಎಬ್ಬಿಸೋಕಾಗಲ್ಲ ಎಂದರು. ನಾನು ಅವರನ್ನು ಮೆಟ್ಟಿಲ ಮೇಲೆ, ನೆರೆಯವರ ಎದುರು, ಕಳ್ಳ ಎಂದು ಕರೆದಿರುತ್ತೇನೆ. ಅಕ್ಕ 6.30ರವರೆಗೆ ಕುರ್ಚಿಯಿಂದ ಏಳಲಿಲ್ಲ.

15ರಂದು 11.20ಕ್ಕೆ ಠಾಣೆಗೆ ಬಂದು, ಮೆಕ್ಯಾನಿಕ್ ನನ್ನ ಅಕ್ಕನ ಧ್ವನಿಯನ್ನು ಕದ್ದಿದ್ದಾರೆ ಎಂದು ದೂರು ಬರೆಸಿದೆ. ಅಂದೇ 1 ಗಂಟೆಗೆ ಠಾಣೆಯವರು ಅವರ ಅಂಗಡಿಗೆ ಹೋಗಿ ಲ್ಯಾಪ್‌ಟಾಪನ್ನೂ ಕೆಂಪು ಪೆನ್ ಡ್ರೈವನ್ನೂ ವಶಪಡಿಸಿಕೊಂಡು ಲಕೋಟೆಯಲ್ಲಿಟ್ಟು ಸೀಲ್ ಮಾಡಿದ್ದಾರೆ.

ಈ ದಿನ ಬೆಳಗ್ಗೆ 9.15ಕ್ಕೆ ಮೆಕ್ಯಾನಿಕ್ ನಮ್ಮ ಬಾಗಿಲಿಗೆ ಬಂದರು. ಒಳಗೆ ಬರಲಿಲ್ಲ, ಚಪ್ಪಲಿಯನ್ನೂ ಬಿಡಲಿಲ್ಲ. ನನ್ನನ್ನು ಬಿಟ್ಟು ಅಕ್ಕನಿಗೆ ಹೇಳಿದರು: ದೊಡ್ಡಮ್ಮಾ, 14ರ ರಾತ್ರಿ ಅಂಗಡೀಲಿ ಕೂತು ನೋಡ್ದೆ, ಆ ಗುಂಯ್ ಕರೆಂಟಿಂದಲ್ಲ, ರೆಕಾರ್ಡಿಂಗ್ ಒಳಗೇ ಇದೆ, ಏಳೇಳು ಸೆಕೆಂಡಿಗೆ ಒಂದ್ಸಲ ಏರಿ ಇಳಿಯತ್ತೆ, ಅತ್ತಿತ್ತ ತಿರುಗೋ ಟೇಬಲ್ ಫ್ಯಾನ್ ಇತ್ತಾ ಅಲ್ಲಿ ಎಂದರು. ಅಕ್ಕ ಸ್ಲೇಟ್ ಒರೆಸಿ, ‘ಆರು ತಿಂಗಳಿಂದ ಇನ್ನೇನು ಬರೀತಿದ್ದೆ ಈ ಕಿವುಡನಿಗೆ’ ಎಂದು ಬರೆದಳು. ಆ ಪೆನ್ ಡ್ರೈವ್ ಎಲ್ಲಿ ಎಂದು ನಾನು ಕೇಳಿದೆ. ನಿಮ್ಮ ದೂರಿನ ಜೊತೆ ಠಾಣೇಲಿ ಸೀಲಾಗಿ ಕೂತಿದೆ ಮಾಮ, ಸಾಯಂಕಾಲ 5.30ರ ಟಪಾಲಿಗೆ ಪರೀಕ್ಷೆಗೆ ಹೋಗುತ್ತಂತೆ, ಯಾವಾಗ ವಾಪಸ್ ಬರತ್ತೋ ಯಾರೂ ಹೇಳ್ತಿಲ್ಲ ಎಂದರು.

ನನ್ನ ಅಕ್ಕನ 43 ರೆಕಾರ್ಡಿಂಗ್‌ಗಳಲ್ಲಿ ಉಳಿದಿರುವುದು ಆ ಒಂದೇ. ಅದನ್ನು ಲಕೋಟೆಗೆ ಸೇರಿಸಿದವನು ನಾನೇ.

ಗುರುತು ಹಿಡಿಯುವ ಸಲುವಾಗಿ ಈ ದಿನ 3.05ಕ್ಕೆ ಸಬ್ ಇನ್‌ಸ್ಪೆಕ್ಟರ್ ಸಾಹೇಬರು ಇಬ್ಬರು ಸಾಕ್ಷಿಗಳ ಎದುರು ಸೀಲ್ ಒಡೆದು, ಠಾಣೆಯ ಕಂಪ್ಯೂಟರಿನಲ್ಲಿ ಅದನ್ನು ಹಾಕಿಸಿದರು. ಅವಧಿ 4 ನಿಮಿಷ 10 ಸೆಕೆಂಡ್. ಗುಂಯ್ ಕೇಳಿಸಿತು. ನನ್ನ ಜೊತೆ ಠಾಣೆಗೆ ಬಂದು ಬೆಂಚಿನ ಮೇಲೆ ಕೂತಿದ್ದ ಅಕ್ಕ ಎದ್ದು ಹೋಗಿ ಠಾಣೆಯ ಫ್ಯಾನಿನ ಸ್ವಿಚ್ ಆರಿಸಿದಳು. ಫ್ಯಾನ್ ನಿಂತಿತು, ಗುಂಯ್ ನಿಲ್ಲಲಿಲ್ಲ. 1 ನಿಮಿಷ 52ನೇ ಸೆಕೆಂಡಿನಲ್ಲಿ ಅಕ್ಕನ ಧ್ವನಿ, ಲೋ, ಆ ಫೋನನ್ನ ಹಿಡಿದು ಅದೇನ್ ತಿರುಚ್ತಾ ಇದೀಯೋ, ಸರಿಯಾಗೇ ಇದೆ, ಮುಟ್ಟಬೇಡ ಬಿಡೋ ಎಂದು ಹೇಳಿ ನಗುತ್ತದೆ. ಇದು ನನ್ನ ಅಕ್ಕನ ಧ್ವನಿಯೇ ಎಂದು ಗುರುತಿಸಿರುತ್ತೇನೆ.

ಮೆಕ್ಯಾನಿಕ್ ಕಳ್ಳರಲ್ಲ. ದೂರನ್ನು ಹಿಂದಕ್ಕೆ ಪಡೆಯುತ್ತೇನೆ. ಮೆಟ್ಟಿಲ ಮೇಲೆ ಆಡಿದ ಮಾತನ್ನು ಅದೇ ಮೆಟ್ಟಿಲ ಮೇಲೆ, ಅದೇ ನೆರೆಯವರ ಎದುರು ವಾಪಸ್ ತೆಗೆದುಕೊಳ್ಳುತ್ತೇನೆ. ಪೆನ್ ಡ್ರೈವಿನ ಪ್ರತಿಯನ್ನು 5.30ಕ್ಕೆ ಮೊದಲು ಮಾಡಿಕೊಡಲು ಸಾಹೇಬರು ಒಪ್ಪಿದ್ದಾರೆ. ಪ್ರತಿಯನ್ನು ಮೆಕ್ಯಾನಿಕ್ಕೇ ಮಾಡಬೇಕು, ಗುಂಯ್ ತೆಗೆಯಬಾರದು, ಮುಗಿಯುವವರೆಗೆ ನಾನು ಬೆಂಚಿನ ಮೇಲೆ ಕೈಕಟ್ಟಿ ಕೂರಬೇಕು, ಇದನ್ನು ಹೇಳಿಕೆಯಲ್ಲೇ ಬರೆಸಬೇಕು ಎಂದು ಅಕ್ಕ ಸ್ಲೇಟಿನ ಎರಡೂ ಬದಿ ತುಂಬ ಬರೆದು ತೋರಿಸಿದ್ದರಿಂದ ಹಾಗೆಯೇ ಬರೆಸಿರುತ್ತೇನೆ.

ಬರೆದದ್ದನ್ನು ನನಗೆ ಓದಿ ಹೇಳಿದರು. ನಾನು ಹೇಳಿದಂತೆಯೇ ಇದೆ, ಕೂಡಿಸಿದ್ದೂ ಇಲ್ಲ, ಕಳೆದದ್ದೂ ಇಲ್ಲ, ಎಲ್ಲವೂ ನಿಜ. ಹೇಳುವಾಗ ನನ್ನ ಬಾಯಲ್ಲಿ ಏನನ್ನೂ ಕಚ್ಚಿಕೊಂಡಿರಲಿಲ್ಲ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: 17, ಸಮಯ: ಮಧ್ಯಾಹ್ನ 3.50
ಸಹಿ: (ತಕ್ಕಡಿ ಮಾಮ)