ಅಳಿಸಿ ಕಾಪಾಡಿದ ಸಂಘಮಿತ್ರ

ನಜರ್‌ಬಾದಿನ ಈ ಸಣ್ಣ ಹಾಲ್‌ನಲ್ಲಿ ಒತ್ತಿಕೊಂಡು ಕೂತಿರುವ ಸಂಗಾತಿಗಳೇ, ಮಗಳನ್ನು ಕಳೆದುಕೊಂಡ ಸೋಮಮ್ಮನವರೇ, ಅಕ್ಕನನ್ನು ಕಳೆದುಕೊಂಡ ಅಶೋಕ ಅವರೇ — ಎಲ್ಲರಿಗೂ ಜೈಭೀಮ್.

ಸಂಘಮಿತ್ರ ಹೋದರು. ಅಳು ಬರುತ್ತದೆ, ಅಳೋಣ. ಆದರೆ ನಿನ್ನೆಯಿಂದ ನನ್ನ ಎದೆ ಹಗುರಾಗಿದೆ — ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸೂಪರ್‌ವೈಸರನ ಕಿರುಕುಳದ ಬಗ್ಗೆ ನಮ್ಮ ಕ್ಯಾಮೆರಾ ಮುಂದೆ ಮಾತಾಡಿದ್ದು ನಿಮಗೆ ಗೊತ್ತು. ನಮ್ಮ ಸಂಘಟನೆಯ ಪದ್ಧತಿ — ಮೊದಲು ತಲೆಯೆತ್ತಿ ಹೆಸರು, ಊರು, ಕೆಲಸದ ಜಾಗ ಹೇಳು, ಆಮೇಲೆ ಮಾತಾಡು. ಹಾಗೇ ಹೇಳಿಸಿದೆವು. ಆಮೇಲೆ ಹೆದರಿಕೆಯಾಯಿತು. ಮುಖ ಮಸುಕು ಮಾಡಿ, ಹೆಸರು ಕತ್ತರಿಸಿ, ಹೊಸ ವಿಡಿಯೋ ಇಟ್ಟೆವು. ಮುಗಿಯಿತು ಅಂದುಕೊಂಡೆವು.

ವಿಡಿಯೋಗಳ ಉಸ್ತುವಾರಿ ಸಂಘಮಿತ್ರರದು. ಅವರು ನಕ್ಕರು. "ಹಳೇದು ಕ್ಲೌಡಲ್ಲಿ, ಆ ಇಂಟರ್ನೆಟ್ ಗೋಡೌನಲ್ಲಿ, ಅಂಗೇ ಕೂತದೆ ಕಣಣ್ಣ. ತಿದ್ದಿದಾಗೆಲ್ಲ ಹೊಸದೊಂದು ಸೇರ್ತದೆ, ಹಳೇದು ಹೋಗಲ್ಲ. ನಮ್ಮ ಕಂಪ್ಯೂಟರಲ್ಲಿರೋದು ಬರೀ ಚೀಟಿ. ಗೋಡೌನ್ ಚೀಟಿ ಹರಿದಾಕುದ್ರೆ ಮೂಟೆ ಹೋಯ್ತದಾ?"

ಇರಲಿ ಬಿಡಿ, ಸಾಕ್ಷಿ ಉಳಿಯಬೇಕು ಅಂದೆವು. ಹರಿದ ಕರಪತ್ರವನ್ನೂ ಬಿಸಾಡದ ಜನ ನಾವು! ಅವರಿಗೆ ಸಿಟ್ಟು ಬಂತು. "ಸಾಕ್ಷಿ ನಿಮ್ಮದಾ? ಮಾತಾಡಿದ್ದು ಯಾರು?" ಅಷ್ಟೇ. ಮತ್ತೆ ಆ ವಿಷಯ ಎತ್ತಲಿಲ್ಲ. ಕಿಡ್ನಿ ಕೈಕೊಟ್ಟು ಆಸ್ಪತ್ರೆ ಸೇರಿದರು.

ಅವರು ತೀರಿಕೊಂಡ ಸುದ್ದಿಯ ಬೆನ್ನಿಗೇ ಇನ್ನೊಂದು ಸುದ್ದಿ — ನಮ್ಮ ಕ್ಲೌಡಿನ ಪಾಸ್‌ವರ್ಡ್ ಗಾರ್ಮೆಂಟ್ಸ್ ಮಾಲೀಕರ ಕಡೆಯವರಿಗೆ ಸಿಕ್ಕಿದೆ. ಆ ಹೆಣ್ಣುಮಕ್ಕಳ ಕೆಲಸ, ಮಾನ, ಮನೆ ಎಲ್ಲವೂ ಆ ಹಳೆಯ ವಿಡಿಯೋಗಳಲ್ಲಿ ಸಿಕ್ಕಿಕೊಂಡಿತ್ತು. ಸಂಘಮಿತ್ರರ ದೇಹದ ಮುಂದೆ ಕೂತು ನಾನು ಅತ್ತಿದ್ದು — ಅರ್ಧ ಭಯಕ್ಕೆ.

ನಿನ್ನೆ ಅಶೋಕ ಎಲ್ಲವನ್ನೂ ತೆರೆದು ನೋಡಿದರು. ಹಳೆಯದು ಒಂದೂ ಇಲ್ಲ. ಚೀಟಿಯಷ್ಟೇ ಅಲ್ಲ — ಮೂಟೆಯೇ ಇಲ್ಲ. ಸಂಘಮಿತ್ರ ಆಸ್ಪತ್ರೆಗೆ ಹೋಗುವ ಮೊದಲೇ ಅಳಿಸಿದ್ದಾರೆ. ಹಾಗಾದರೆ ಸಾಕ್ಷಿ? ಆ ಹೆಣ್ಣುಮಕ್ಕಳಲ್ಲೇ ಅಕ್ಕ ಒಬ್ಬರು — ಹೆಸರು, ಬೀದಿ ಹೇಳುವುದಿಲ್ಲ — ಸೆರಗಿನ ಗಂಟು ಬಿಚ್ಚಿ ಪೆನ್‌ಡ್ರೈವ್ ತೋರಿಸಿದರು. "ನಿನ್ ಮುಖ ನಿನ್ ತಾವೇ ಇರ್ಲಿ, ಕೋರ್ಟಿಗೆ ಕೊಡೋದೂ ಬುಡೋದೂ ನಿನ್ನಿಷ್ಟ ಅಂತ ಸಂಘಮಿತ್ರಕ್ಕ ಕೊಟ್ಬುಟ್ಟು ಹೋದ್ರು." ಹೀಗೆ ಪ್ರತಿಯೊಬ್ಬರ ಕೈಗೂ.

ಸೋಮಮ್ಮನವರೇ, ನಿಮ್ಮ ಮಗಳು ನಮ್ಮ ಅಪ್ಪಣೆ ಕೇಳಲಿಲ್ಲ. ಕೇಳದೇ ಇದ್ದದ್ದಕ್ಕೆ ಆ ಹೆಣ್ಣುಮಕ್ಕಳು ಇವತ್ತೂ ಹೊಲಿಗೆ ಮಿಷನ್ ಮುಂದೆ ನೆಮ್ಮದಿಯಾಗಿ ಕೂತು ಬಂದರು.

ಅವರಲ್ಲಿ ಯಾರು ಈ ಹಾಲ್‌ನಲ್ಲಿದ್ದಾರೆ ಅಂತ ಯಾರೂ ಹುಡುಕಬೇಡಿ. ವಿಡಿಯೋ ತೆಗೆಯುತ್ತಿರುವ ಸಂಗಾತಿಗಳೇ, ಮೊಬೈಲ್ ಒಳಗಿಡಿ. ಇನ್ನು ಎಲ್ಲರೂ ಎದ್ದು — ಅಕ್ಕಪಕ್ಕ ನೋಡದೆ, ತಲೆ ತಗ್ಗಿಸಿ — ಸಂಘಮಿತ್ರರಿಗಾಗಿ ಮೌನವಾಗಿ ನಿಲ್ಲೋಣ.